ಕರೆಂಟ್ ಬಂತು, ಸರ್ವರ್ ಎಲ್ಲಿ ಹೋಯ್ತು?

ಜುಲೈ ತಿಂಗಳ ಒಂದು ಬೆಳಿಗ್ಗೆ ಪೊನ್ನಂಪೇಟೆಯಿಂದ ಭಾವನ ಫೋನ್ ಬಂತು. ಅಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಲೈನ್ ಮೇಲೆ ಬಿದ್ದಿದ್ದ ಸಿಲ್ವರ್ ಮರವನ್ನು ಕಡಿದು ತೆಗೆದು, ಹಿಂದಿನ ರಾತ್ರಿ ತಾನೇ ಕರೆಂಟ್ ಕೊಟ್ಟಿದ್ದರು. ಭಾವನದು ಗೊಬ್ಬರ, ಮೈಲುತುತ್ತ, ಪೈಪು ಮಾರುವ ಅಂಗಡಿ. ಮಳೆ ಸ್ವಲ್ಪ ಹೊಳವಾಗಿತ್ತು. ಸಿಕ್ಕ ಬಿಸಿಲಲ್ಲೇ ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದುಬಿಡೋಣ ಅಂತ ಜನ ಬಾಗಿಲಲ್ಲಿ ನಿಂತಿದ್ದರು. ಬಿಲ್ ಮಾಡುವ ಕಂಪ್ಯೂಟರ್ ಮಾತ್ರ ಸರ್ವರ್ ಸಿಗುತ್ತಿಲ್ಲ ಅಂತ ಒಂದೇ ಹಠ ಹಿಡಿದು ಕೂತಿತ್ತು.

"ಸರ್ವರ್ ಸುಟ್ಟೇ ಹೋಯ್ತಾ ಮಾರಾಯ?" ಅಂತ ಭಾವ ಕೇಳಿದರು.

ಸುಟ್ಟಿರಲಿಲ್ಲ. ಒಳಗಿನ ಕೋಣೆಯಲ್ಲಿ ಅದು ಆರಾಮಾಗಿ ಓಡುತ್ತಿತ್ತು. ಅದರ ವಿಳಾಸ ಬದಲಾಗಿತ್ತು, ಅಷ್ಟೇ. ಹೊರಗಿನ ಕಂಪ್ಯೂಟರ್ ಇನ್ನೂ ಹಳೇ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿತ್ತು.

ಮಳೆಗಾಲದಲ್ಲಿ ನಮ್ಮ ಕಡೆ ಇದು ಒಂದು ಅಂಗಡಿಯ ಕತೆಯಲ್ಲ. ಹೋಂಸ್ಟೇ, ಕ್ಲಿನಿಕ್, ಕಾಫಿ ಕ್ಯೂರಿಂಗ್, ಸೊಸೈಟಿ, ಎಲ್ಲ ಕಡೆ ಈಗ ಎರಡೋ ಮೂರೋ ಕಂಪ್ಯೂಟರ್ ಸೇರಿ ಒಂದೇ ಲೆಕ್ಕ ನಡೆಸುತ್ತವೆ. ಮೊದಲ ದಿನ ಯಾರೋ ಬಂದು ಎಲ್ಲ ಜೋಡಿಸಿ ಹೋಗಿರುತ್ತಾರೆ. ಅವರು ಏನು ಬರೆದಿಟ್ಟು ಹೋದರು ಅನ್ನೋದು ಯಾರಿಗೂ ಗೊತ್ತಿರುವುದಿಲ್ಲ. ಆ ಬರಹದ ಬಗ್ಗೆಯೇ ಈ ಲೇಖನ.

ಪುಸ್ತಕ ಇಟ್ಟುಕೊಂಡವರು, ಬಂದು ಕೇಳುವವರು

ಕೌಂಟರ್‌ನಲ್ಲಿ ಎರಡು ಚೀಲ ಯೂರಿಯಾ ಬಿಲ್ ಆದರೆ ಗೋಡೌನ್‌ನ ಕಂಪ್ಯೂಟರ್‌ನಲ್ಲೂ ಎರಡು ಚೀಲ ಕಮ್ಮಿ ಕಾಣಬೇಕು, ಅಲ್ವಾ? ಹಾಗಾಗಬೇಕಾದರೆ ಲೆಕ್ಕದ ಪುಸ್ತಕ ಒಂದೇ ಇರಬೇಕು. ತೋಟದಲ್ಲಿ ಚೆಕ್‌ರೋಲ್, ಅಂದರೆ ಆಳಿನ ಹಾಜರಿ ಪುಸ್ತಕ, ರೈಟರ್ ಹತ್ತಿರ ಇರುತ್ತದೆ. ಮೇಸ್ತ್ರಿಗಳು ಬಂದು ಆಳಿನ ಲೆಕ್ಕ ಹೇಳುತ್ತಾರೆ, ರೈಟರ್ ಬರೆದುಕೊಳ್ಳುತ್ತಾರೆ. ಕಳೆದ ವಾರ ಎಷ್ಟು ಆಳು ಅಂತ ಕೇಳಿದರೆ ತೆಗೆದು ನೋಡಿ ಹೇಳುತ್ತಾರೆ. ಇಲ್ಲಿ ರೈಟರ್ ಸರ್ವರ್, ಮೇಸ್ತ್ರಿಗಳು ಕ್ಲೈಂಟ್.

ಸರ್ವರ್ ಅಂದ ತಕ್ಷಣ ಎಸಿ ಕೋಣೆಯ ದೊಡ್ಡ ಪೆಟ್ಟಿಗೆ ನೆನಪಾಗಬೇಕಿಲ್ಲ. ಅದೊಂದು ಪ್ರೋಗ್ರಾಂ. ನಿಮ್ಮ ಮೇಜಿನ ಮಾಮೂಲಿ ಕಂಪ್ಯೂಟರ್‌ನಲ್ಲೇ ಓಡಬಹುದು. ಭಾವನ ಸರ್ವರ್ ಪಕ್ಕದಲ್ಲಿ ಅಕ್ಕ ಟಿವಿ ನೋಡುತ್ತಾ ಕೂತಿರುತ್ತಾಳೆ.

ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಮಾತು ಶುರು ಮಾಡುವುದು ಯಾವಾಗಲೂ ಕ್ಲೈಂಟ್. ಸರ್ವರ್ ತಾನಾಗಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ, ಕಿವಿಗೊಟ್ಟು ಕಾಯುತ್ತದೆ. ಹಾಗಾಗಿ ಎಲ್ಲಿಗೆ ಹೋಗಬೇಕು ಅನ್ನೋ ಚೀಟಿ ಕ್ಲೈಂಟ್ ಕೈಯಲ್ಲಿ ಇರಲೇಬೇಕು. ಆ ಚೀಟಿಯನ್ನೇ ಕನೆಕ್ಷನ್ ಸೆಟ್ಟಿಂಗ್ ಅನ್ನುತ್ತಾರೆ.

ಏನೂ ಹೇಳದಿದ್ದರೆ ಬರುವ ಕಾಫಿ

ಹೋಟೆಲಲ್ಲಿ ಕೂತು "ಒಂದು ಕಾಫಿ" ಅಂದರೆ ಹಾಲು, ಸಕ್ಕರೆ ಹಾಕಿದ್ದು ಬರುತ್ತದೆ. ಅದೇ ಮಾತನ್ನು ಅಜ್ಜಿ ಮನೆಯಲ್ಲಿ ಹೇಳಿದರೆ ಬೆಲ್ಲ ಹಾಕಿದ ಕರಿ ಕಾಫಿ. ಎರಡೂ ಕಡೆ ನೀವು ವಿವರ ಹೇಳಲಿಲ್ಲ, ಅವರವರ ರೂಢಿಯದ್ದನ್ನು ಅವರು ಕೊಟ್ಟರು. ಡಿಫಾಲ್ಟ್ ಅಂದರೆ ಇದೇ. ಯಾರೂ ಏನೂ ಹೇಳದಿದ್ದಾಗ ಪ್ರೋಗ್ರಾಂ ತಾನೇ ಹಿಡಿದುಕೊಳ್ಳುವ ಆಯ್ಕೆ.

ಈ ಆಯ್ಕೆ ಒಂದೇ ಕಡೆಯಿಂದ ಬರುವುದಿಲ್ಲ. ಪ್ರೋಗ್ರಾಂ ಬರೆದವರು ಒಳಗೇ ಒಂದನ್ನು ಇಟ್ಟಿರುತ್ತಾರೆ. ಅದರ ಮೇಲೆ, ಇಡೀ ಕಂಪ್ಯೂಟರ್‌ಗೆ ಅನ್ವಯಿಸುವ ಒಂದು ಸೆಟ್ಟಿಂಗ್ ಫೈಲ್ ಇರಬಹುದು. ಅದರ ಮೇಲೆ, ಲಾಗಿನ್ ಆದವರ ಸ್ವಂತ ಸೆಟ್ಟಿಂಗ್. ಕೊನೆಗೆ, ಆ ಹೊತ್ತಿಗೆ ಪರದೆಯಲ್ಲಿ ನೀವು ಟೈಪ್ ಮಾಡಿದ್ದು. ಬಹುತೇಕ ತಂತ್ರಾಂಶಗಳಲ್ಲಿ ನಿಮಗೆ ಹತ್ತಿರ ಇರುವುದು ಗೆಲ್ಲುತ್ತದೆ.

ಇದು ಗೊತ್ತಿಲ್ಲದೆ ಜನ ಗಂಟೆಗಟ್ಟಲೆ ಒದ್ದಾಡುತ್ತಾರೆ. ಕಾಫಿ ಸೀಸನ್‌ನಲ್ಲಿ ತೂಕದ ಕೋಣೆಯ ಒಂದೇ ಕಂಪ್ಯೂಟರ್‌ನಲ್ಲಿ ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು ಬೇರೆ ಬೇರೆ ಲಾಗಿನ್‌ನಲ್ಲಿ ಕೆಲಸ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಇಡೀ ಕಂಪ್ಯೂಟರ್‌ನ ಫೈಲಲ್ಲಿ ಹೊಸ ವಿಳಾಸ ಬರೆದಿರಿ. ಹಗಲಿನವರಿಗೆ ಸರಿಹೋಯಿತು. ರಾತ್ರಿಯವರು ಯಾವತ್ತೋ ತಮ್ಮ ಲಾಗಿನ್‌ನಲ್ಲಿ ಹಳೇ ವಿಳಾಸ ತುಂಬಿದ್ದರು, ಅವರಿಗೆ ಅದೇ ಸಿಗುತ್ತದೆ. "ಬೆಳಿಗ್ಗೆ ಸರಿ ಇತ್ತಲ್ಲ!" ಅಂತ ಗಲಾಟೆ. ಸರಿಯಾದ ವಿಳಾಸವನ್ನು ಎಲ್ಲರಿಗೂ ಸಾಮಾನ್ಯವಾದ ಜಾಗದಲ್ಲಿ ಬರೆದು, ಒಬ್ಬೊಬ್ಬರ ಸ್ವಂತ ಸೆಟ್ಟಿಂಗ್ ಅಳಿಸಿ ಹಾಕುವುದು ಒಳ್ಳೆಯದು. ಇನ್ನೊಂದು, ಎಷ್ಟೋ ಪ್ರೋಗ್ರಾಂಗಳು ಈ ಚೀಟಿಯನ್ನು ಶುರುವಾಗುವಾಗ ಒಮ್ಮೆ ಮಾತ್ರ ಓದುತ್ತವೆ. ಬದಲಿಸಿದ ಮೇಲೆ ಮುಚ್ಚಿ ತೆರೆಯಿರಿ.

ವಿಳಾಸ ಒಂದು, ಕೌಂಟರ್ ಹಲವು

ಚೀಟಿಯಲ್ಲಿ ಮುಖ್ಯವಾಗಿ ಎರಡು ಸಂಗತಿ ಇರುತ್ತವೆ. ಮೊದಲನೆಯದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್ ಇರುವ ಜಾಗದ ನಂಬರ್, ಉದಾಹರಣೆಗೆ 192.168.1.5. ಎರಡನೆಯದು ಪೋರ್ಟ್ ನಂಬರ್.

192.168 ಅಂತ ಶುರುವಾಗುವ ವಿಳಾಸಗಳು ಒಳಮನೆಯ ಬಳಕೆಗೆ ಅಂತ ಮೀಸಲು. 1996ರ ಇಂಟರ್ನೆಟ್ ನಿಯಮಪತ್ರದಲ್ಲೇ ಹಾಗೆ ತೆಗೆದಿಟ್ಟಿದ್ದಾರೆ. ನಿಮ್ಮ ಅಂಗಡಿಯಲ್ಲೂ 192.168.1.5 ಇರಬಹುದು, ಕುಶಾಲನಗರದ ಇನ್ನೊಂದು ಅಂಗಡಿಯಲ್ಲೂ ಇರಬಹುದು. ಎರಡಕ್ಕೂ ಸಂಬಂಧವಿಲ್ಲ.

ಪೋರ್ಟ್ ಅಂದರೆ ಸೊಸೈಟಿಯ ಕೌಂಟರ್ ಇದ್ದ ಹಾಗೆ. ಕಟ್ಟಡ ಒಂದೇ. ಸಾಲಕ್ಕೆ ಒಂದು ಕಿಟಕಿ, ಗೊಬ್ಬರಕ್ಕೆ ಒಂದು, ರೇಷನ್‌ಗೆ ಇನ್ನೊಂದು. ಗೊಬ್ಬರದ ಚೀಟಿ ಹಿಡಿದು ಸಾಲದ ಕಿಟಕಿಗೆ ಹೋದರೆ ಕೆಲಸ ಆಗುವುದಿಲ್ಲ. ಒಂದು ಕಂಪ್ಯೂಟರ್‌ನಲ್ಲಿ ಪೋರ್ಟ್ ನಂಬರ್ 65535ರ ತನಕ ಹೋಗುತ್ತದೆ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ರೂಢಿಯ ಕಿಟಕಿ. ಲೆಕ್ಕದ ಪುಸ್ತಕ ಇಟ್ಟುಕೊಳ್ಳುವ ಡೇಟಾಬೇಸ್ ತಂತ್ರಾಂಶಗಳಲ್ಲಿ ಮೈಎಸ್‌ಕ್ಯೂಎಲ್ 3306ರಲ್ಲಿ ಕೂರುತ್ತದೆ, ಪೋಸ್ಟ್‌ಗ್ರೆಸ್ 5432ರಲ್ಲಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 1433ರಲ್ಲಿ. ಬೀಗದ ಗುರುತಿರುವ ವೆಬ್ ಪುಟಗಳು ಬರುವುದು 443ರಿಂದ. ಇವೆಲ್ಲ ಡಿಫಾಲ್ಟ್‌ಗಳು, ಬದಲಿಸಬಹುದು. ಬದಲಿಸಿದರೆ ಎರಡೂ ಕಡೆ ಬದಲಿಸಬೇಕು. ಕಾರಣವಿಲ್ಲದೆ ಕೈ ಹಾಕದಿರುವುದೇ ವಾಸಿ.

‘ನಮ್ಮನೆ’ ಅಂದ್ರೆ ಯಾರ ಮನೆ?

ಹೊಸದಾಗಿ ಹಾಕಿದ ತಂತ್ರಾಂಶದ ಸೆಟ್ಟಿಂಗ್ ತೆರೆದರೆ ಸರ್ವರ್ ವಿಳಾಸದ ಜಾಗದಲ್ಲಿ ಹಲವು ಸಲ ‘ಲೋಕಲ್‌ಹೋಸ್ಟ್’ ಅಂತಲೋ 127.0.0.1 ಅಂತಲೋ ಇರುತ್ತದೆ. ಇದರ ಅರ್ಥ ‘ನಾನೇ’. ಸರ್ವರ್ ಓಡುತ್ತಿರುವ ಕಂಪ್ಯೂಟರ್‌ನಲ್ಲಿ ಕೂತು ಕೆಲಸ ಮಾಡಿದರೆ ಎಲ್ಲ ಸರಿಯಾಗಿರುತ್ತದೆ. ಅದೇ ಸೆಟ್ಟಿಂಗನ್ನು ಪೆನ್‌ಡ್ರೈವ್‌ನಲ್ಲಿ ತಂದು ಕೌಂಟರ್‌ನ ಕಂಪ್ಯೂಟರ್‌ಗೆ ಹಾಕಿದರೆ ಅದು ತನ್ನೊಳಗೇ ಸರ್ವರ್ ಹುಡುಕುತ್ತದೆ.

ಮದುವೆ ಕರೆಯೋಲೆಯಲ್ಲಿ "ಊಟ ನಮ್ಮನೆಯಲ್ಲಿ" ಅಂತ ಮಾತ್ರ ಬರೆದು ಎಲ್ಲರಿಗೂ ಹಂಚಿದ ಹಾಗೆ. ಓದಿದವರೆಲ್ಲ ತಂತಮ್ಮ ಮನೆಗೇ ಹೋಗುತ್ತಾರೆ.

ಸರ್ವರ್ ಕಡೆಯೂ ಇದೇ ತೊಡಕಿದೆ. ಪೋಸ್ಟ್‌ಗ್ರೆಸ್ ಹಾಕಿದಾಗ ಅದರ ಮೂಲ ಡಿಫಾಲ್ಟ್ ಪ್ರಕಾರ ಅದು ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕಿವಿಗೊಡುತ್ತದೆ. ಅಂದ್ರೆ ಮನೆಯೊಳಗಿನ ಮಾತು ಕೇಳುತ್ತದೆ, ಅಂಗಳದಿಂದ ಕರೆದರೆ ಕೇಳಿಸುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಟಿಸಿಪಿ/ಐಪಿ, ಅಂದರೆ ನೆಟ್‌ವರ್ಕ್ ಮೂಲಕ ಮಾತಾಡುವ ದಾರಿಯೇ, ಮೊದಲಿಗೆ ಮುಚ್ಚಿರುತ್ತದೆ. ಬರೆದವರ ಮರೆವಲ್ಲ ಇದು. ಹಾಕಿದ ಕೂಡಲೇ ಬಾಗಿಲು ತೆರೆದುಕೊಂಡರೆ ಯಾರು ಬೇಕಾದರೂ ನುಗ್ಗಬಹುದು, ಅದಕ್ಕೆ ಮುಚ್ಚಿ ಕೊಡುತ್ತಾರೆ. ಹೊರಗಿನ ಕಂಪ್ಯೂಟರ್ ಬರಬೇಕಾದರೆ ಬಾಗಿಲನ್ನು ನೀವೇ ತೆರೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಂತೂ ಕಿವಿ ತೆರೆದರೆ ಸಾಲದು, ಯಾವ ವಿಳಾಸದವರನ್ನು ಬಿಡಬೇಕು ಅನ್ನೋ ಪಟ್ಟಿಯಲ್ಲೂ ಬರೆಯಬೇಕು.

ಆ ರಾತ್ರಿ ಆಗಿದ್ದೇನು

ಈಗ ಭಾವನ ಅಂಗಡಿಗೆ ಬರೋಣ. ವಿಳಾಸ ಬದಲಾಗಿದ್ದು ಹೇಗೆ?

ಅಂಗಡಿಯ ವೈಫೈ ರೂಟರ್ ಒಬ್ಬ ಹೋಂಸ್ಟೇ ಯಜಮಾನ ಅಂತಿಟ್ಟುಕೊಳ್ಳಿ. ಬಂದ ಪ್ರತಿ ಕಂಪ್ಯೂಟರ್‌ಗೂ ಫೋನ್‌ಗೂ ಅವನು ಒಂದೊಂದು ರೂಮ್ ನಂಬರ್ ಕೊಡುತ್ತಾನೆ. ಈ ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಅಂತ ಹೆಸರು. ರೂಮ್ ಕಾಯಂ ಅಲ್ಲ, ಇಷ್ಟು ಗಂಟೆಗೆ ಅಂತ ಇರುತ್ತದೆ. ಮನೆ, ಅಂಗಡಿಯ ಹಲವು ರೂಟರ್‌ಗಳಲ್ಲಿ ಅದು 24 ಗಂಟೆ. ಹಳೇ ಅತಿಥಿ ಮತ್ತೆ ಬಂದಾಗ "ನನಗೆ ಹೋದ ಸಲದ ರೂಮೇ ಕೊಡಿ" ಅಂತ ಕೇಳುತ್ತಾನೆ. ಖಾಲಿ ಇದ್ದರೆ ಸಾಮಾನ್ಯವಾಗಿ ಸಿಗುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಂಬರ್ ಬದಲಾಗುವುದೇ ಇಲ್ಲ. ಎಲ್ಲರೂ ಅದನ್ನು ಕಾಯಂ ಅಂತಲೇ ತಿಳಿದುಬಿಡುತ್ತಾರೆ.

ಕರೆಂಟ್ ಹೋಯಿತು. ಯುಪಿಎಸ್ ಬತ್ತಿತು. ರೂಟರ್ ಆರಿತು. ಸಾದಾ ರೂಟರ್‌ಗಳು ಎಷ್ಟೋ ಸಲ ಯಾವ ರೂಮ್ ಯಾರಿಗೆ ಅನ್ನೋ ಪಟ್ಟಿಯನ್ನೂ ಮರೆತುಬಿಡುತ್ತವೆ. ರಾತ್ರಿ ಕರೆಂಟ್ ಬಂದಾಗ ರೂಟರ್ ತಾನಾಗಿ ಎದ್ದಿತು. ಅಂಗಡಿಯಲ್ಲೇ ಮಲಗಿದ್ದ ಹುಡುಗನ ಫೋನ್ ಮೊದಲು ಹೋಗಿ ರೂಮ್ ಕೇಳಿತು, 192.168.1.5 ಸಿಕ್ಕಿತು. ಬೆಳಿಗ್ಗೆ ಭಾವ ಸರ್ವರ್ ಆನ್ ಮಾಡಿದರು. ಅದರ ಹಳೇ ರೂಮಲ್ಲಿ ಆಗಲೇ ಫೋನ್ ಮಲಗಿತ್ತು. ಸರ್ವರ್‌ಗೆ 192.168.1.9 ಕೊಟ್ಟು ಕಳಿಸಿತು ರೂಟರ್. ಕೌಂಟರ್‌ನ ಚೀಟಿಯಲ್ಲಿ ಮಾತ್ರ ಇನ್ನೂ 5.

ಇದನ್ನು ಕಂಡುಹಿಡಿದದ್ದು ಸರ್ವರ್ ಮುಂದೆ ಭಾವನನ್ನು ಕೂರಿಸಿ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು, ಐಪಿಕಾನ್ಫಿಗ್ ಅಂತ ಇಂಗ್ಲಿಷಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಲು ಹೇಳಿದೆ. "ಐಪಿವಿ4 ಅಡ್ರೆಸ್ ಎದುರು ಏನಿದೆ ಭಾವ?" ಅಂತ ಕೇಳಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು, ಕೊನೆಗೆ 9. ಆಮೇಲೆ ಎರಡು ನಿಮಿಷದ ಕೆಲಸ.

ನಂಬರ್ ಕಾಯಂ ಮಾಡುವುದು

ಚೀಟಿಯಲ್ಲಿ 5 ತೆಗೆದು 9 ಹಾಕಿದರೆ ಅವತ್ತಿನ ಬಿಲ್ ಆಗುತ್ತದೆ. ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಇದೇ ಪಾಡು. ಸರ್ವರ್‌ನ ನಂಬರನ್ನೇ ಕಾಯಂ ಮಾಡಬೇಕು. ಅದಕ್ಕೆ ಎರಡು ದಾರಿ.

ಒಂದು, ರೂಟರ್‌ಗೆ ಹೇಳಿ ರೂಮ್ ಕಾದಿರಿಸುವುದು. ಪ್ರತಿ ಯಂತ್ರದ ನೆಟ್‌ವರ್ಕ್ ಕಾರ್ಡ್‌ಗೂ ಮ್ಯಾಕ್ ವಿಳಾಸ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ. ಈ ಗುರುತಿನವರು ಬಂದರೆ ಇದೇ ರೂಮ್ ಅಂತ ರೂಟರ್‌ನ ಸೆಟ್ಟಿಂಗ್‌ನಲ್ಲಿ ಬರೆದಿಡಬಹುದು. ಇದು ಕರೆಂಟ್ ಹೋದರೂ ಅಳಿಯುವುದಿಲ್ಲ.

ಇನ್ನೊಂದು, ಸರ್ವರ್ ಕಂಪ್ಯೂಟರ್‌ನಲ್ಲೇ ನಂಬರ್ ಬರೆದುಬಿಡುವುದು. ಆಗ ಅದು ರೂಟರನ್ನು ಕೇಳುವುದೇ ಇಲ್ಲ. ಇಲ್ಲಿ ಒಂದು ಎಚ್ಚರ ಬೇಕು. ರೂಟರ್ 100ರಿಂದ 200ರ ತನಕದ ನಂಬರ್ ಹಂಚುತ್ತಿದ್ದರೆ ನೀವು ಅದರ ಹೊರಗಿನದನ್ನು, 10ನ್ನೋ 20ನ್ನೋ, ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದೇ ರೂಮಿಗೆ ಇಬ್ಬರು ಬಂದು ಜಗಳ.

ಹಾಗಾದರೆ ಯಾವುದು ಒಳ್ಳೆಯದು? ನನ್ನ ಓಟು ಮೊದಲನೆಯದಕ್ಕೆ. ಆದರೆ ಕೊಡಗಿನಲ್ಲಿ ಅದಕ್ಕೂ ಒಂದು ಶತ್ರು ಇದೆ, ಸಿಡಿಲು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ ಕಾದು ಕೂತಿರುತ್ತೇವೆ. ಅದು ಬರುವಾಗ ಗುಡುಗು ಮಿಂಚನ್ನೂ ಹೊತ್ತು ತರುತ್ತದೆ. ಪ್ಲಗ್ ಕೀಳುವುದು ಮರೆತರೆ ರೂಟರ್ ಢಮಾರ್. ಹೊಸ ರೂಟರ್ ಬಂದಾಗ ಅದರಲ್ಲಿ ಹಳೇ ಕಾದಿರಿಸುವಿಕೆ ಇರುವುದಿಲ್ಲ. ಅದು ಹಂಚುವ ವಿಳಾಸದ ಸಾಲೇ ಬೇರೆ ಇರಬಹುದು, 192.168.1 ಬದಲು 192.168.0 ಅಥವಾ 192.168.29. ಆಗ ಕಂಪ್ಯೂಟರ್‌ನಲ್ಲೇ ಬರೆದಿಟ್ಟ ನಂಬರ್ ಕೂಡ ಕೆಲಸಕ್ಕೆ ಬರುವುದಿಲ್ಲ. ರೂಟರ್ ಬದಲಾದ ದಿನ ಈ ಕೆಲಸವನ್ನು ಮತ್ತೆ ಮಾಡಲೇಬೇಕು.

ಹೊಸ ರೂಟರ್ ಇನ್ನೊಂದು ಕಿತಾಪತಿ ಮಾಡುತ್ತದೆ. ವಿಂಡೋಸ್ ಅದನ್ನು ಗುರುತಿಲ್ಲದ ನೆಟ್‌ವರ್ಕ್ ಅಂತ ನೋಡಿ ‘ಪಬ್ಲಿಕ್’ ಗುಂಪಿಗೆ ಸೇರಿಸಿಬಿಡಬಹುದು. ಪಬ್ಲಿಕ್ ಅಂದರೆ ಬಸ್‌ಸ್ಟ್ಯಾಂಡ್ ಲೆಕ್ಕ, ಪಕ್ಕದವರನ್ನು ನಂಬಬೇಡ ಅಂತ. ಹಿಂದೆ ‘ಪ್ರೈವೇಟ್’ ಗುಂಪಿಗೆ ಮಾತ್ರ ಅಂತ ಫೈರ್‌ವಾಲ್‌ನಲ್ಲಿ, ಅಂದರೆ ಯಾರನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲುಗಾರ ಪ್ರೋಗ್ರಾಂನಲ್ಲಿ, ಕೊಟ್ಟಿದ್ದ ಅನುಮತಿ ಆಗ ನಡೆಯುವುದಿಲ್ಲ. ವಿಳಾಸ ಸರಿ, ಪೋರ್ಟ್ ಸರಿ, ಸರ್ವರ್ ಓಡುತ್ತಿದೆ, ಆದರೂ ಸಿಗುವುದಿಲ್ಲ. ಅಂಗಡಿಯ ಸ್ವಂತ ನೆಟ್‌ವರ್ಕ್ ಆಗಿದ್ದರೆ ಸರ್ವರ್ ಕಂಪ್ಯೂಟರ್‌ನಲ್ಲಿ ಅದನ್ನು ಪ್ರೈವೇಟ್ ಮಾಡಿ.

ನಂಬರ್ ಬದಲು ಹೆಸರು ಬರೆಯುವ ದಾರಿಯೂ ಇದೆ. ಕೊಡವರಲ್ಲಿ ಮನೆ ಹೆಸರು ಹೇಳಿದರೆ ಸಾಕು, ಸೇತುವೆ ದಾಟಿ ಮೂರನೇ ಗೇಟು ಅಂತ ಹೇಳಬೇಕಿಲ್ಲ. ಕಂಪ್ಯೂಟರ್‌ಗೂ ಹಾಗೆ ಒಂದು ಹೆಸರಿಟ್ಟು, ಚೀಟಿಯಲ್ಲಿ ಆ ಹೆಸರನ್ನೇ ಬರೆಯಬಹುದು. ನಂಬರ್ ಬದಲಾದರೂ ಹೆಸರು ಬದಲಾಗುವುದಿಲ್ಲ. ಆದರೆ ಹೆಸರು ಕೇಳಿ ಮನೆ ತೋರಿಸುವವರು ಊರಲ್ಲಿ ಇರಬೇಕಲ್ಲ? ಸಣ್ಣ ಅಂಗಡಿಯ ನೆಟ್‌ವರ್ಕ್‌ನಲ್ಲಿ ಆ ಏರ್ಪಾಡು ಒಮ್ಮೊಮ್ಮೆ ಕೈಕೊಡುತ್ತದೆ.

ಪರದೆ ಬೈಯುತ್ತಿಲ್ಲ, ಹೇಳುತ್ತಿದೆ

ತಪ್ಪಿನ ಸಂದೇಶ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಅದನ್ನು ಮುಚ್ಚುವುದು. ಒಂದು ನಿಮಿಷ ಓದಿದರೆ ಅರ್ಧ ಕೆಲಸ ಮುಗಿಯುತ್ತದೆ.

‘ಹೋಸ್ಟ್ ನಾಟ್ ಫೌಂಡ್’ ಅಂದರೆ ಹೆಸರೇ ಗೊತ್ತಾಗಲಿಲ್ಲ. ಹೊರಡುವ ಮೊದಲೇ ನಿಂತಿದ್ದೀರಿ. ಹೆಸರಿನಲ್ಲಿ ಅಕ್ಷರ ತಪ್ಪಿದೆಯಾ ನೋಡಿ.

‘ಟೈಮ್ಡ್ ಔಟ್’ ಅಂದರೆ ಹೋಗಿ ಕೂಗಿದೆ, ಉತ್ತರವೇ ಇಲ್ಲ. ಆ ವಿಳಾಸದಲ್ಲಿ ಯಾರೂ ಇಲ್ಲ, ಇಲ್ಲವೇ ಫೈರ್‌ವಾಲ್ ಸುಮ್ನೆ ಕಿವಿ ಮುಚ್ಚಿಕೊಂಡಿದೆ.

‘ರೆಫ್ಯೂಸ್ಡ್’ ಬೇಗ ಬರುತ್ತದೆ. ಮನೆ ಸಿಕ್ಕಿತು, ಒಳಗೆ ಜನರೂ ಇದ್ದಾರೆ, ಆದರೆ ಆ ಕಿಟಕಿ ತೆರೆದಿಲ್ಲ ಅಂತ ಅರ್ಥ. ಸಾಮಾನ್ಯವಾಗಿ ಸರ್ವರ್ ಪ್ರೋಗ್ರಾಂ ಓಡುತ್ತಿಲ್ಲ, ಅಥವಾ ಪೋರ್ಟ್ ತಪ್ಪಿದೆ.

ನಾನು ಎಡವಿದ್ದು ಇಲ್ಲೇ. ಭಾವನ ಪರದೆಯಲ್ಲಿ ಇದ್ದದ್ದು ರೆಫ್ಯೂಸ್ಡ್. ಹಾಗಾಗಿ ಮನೆ ಸರಿ ಇದೆ ಅಂದುಕೊಂಡು ಸರ್ವರ್ ಪ್ರೋಗ್ರಾಂ ಅನ್ನು ಎರಡು ಸಲ ನಿಲ್ಲಿಸಿ ಶುರು ಮಾಡಿಸಿದೆ. ಉತ್ತರ ಕೊಡುತ್ತಿದ್ದದ್ದು ಹುಡುಗನ ಫೋನ್! ಅದರಲ್ಲಿ ಅಂಥ ಕಿಟಕಿ ಇಲ್ಲ, ಇಲ್ಲ ಅಂತಲೇ ಅದು ಹೇಳಿತು. ಅಂದಿನಿಂದ ರೆಫ್ಯೂಸ್ಡ್ ಕಂಡರೆ ಮೊದಲು ಕೇಳುವುದು, ಇದು ಸರಿಯಾದ ಮನೆಯೇನಾ ಅಂತ.

‘ಆಕ್ಸೆಸ್ ಡಿನೈಡ್’ ಅಥವಾ ‘ಲಾಗಿನ್ ಫೇಲ್ಡ್’ ಬಂದರೆ ಖುಷಿಪಡಿ. ವಿಳಾಸ, ಪೋರ್ಟ್ ಎಲ್ಲ ಸರಿ, ಕಿಟಕಿಯ ಎದುರೇ ನಿಂತಿದ್ದೀರಿ. ಹೆಸರು, ಪಾಸ್‌ವರ್ಡ್ ಅಥವಾ ಅನುಮತಿಯ ಪಟ್ಟಿ ಮಾತ್ರ ನೋಡಬೇಕು.

ಪಿಂಗ್ ಮಾಡಿ ನೋಡಿ ಅಂತ ಹಲವರು ಹೇಳುತ್ತಾರೆ. ಪಿಂಗ್ ಅಂದರೆ "ಯಾರಾದರೂ ಇದ್ದೀರಾ?" ಅಂತ ಕೂಗುವುದು. ಉತ್ತರ ಬಂದರೆ ಮನೆಯಲ್ಲಿ ಯಾರೋ ಇದ್ದಾರೆ ಅಂತ ಮಾತ್ರ ತಿಳಿಯುತ್ತದೆ, ಕಿಟಕಿ ತೆರೆದಿದೆಯಾ ಅಂತ ಅಲ್ಲ. ಬರದಿದ್ದರೆ ಯಾರೂ ಇಲ್ಲ ಅಂತಲೂ ಅಲ್ಲ. ವಿಂಡೋಸ್‌ನ ಫೈರ್‌ವಾಲ್ ಎಷ್ಟೋ ಸಲ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ.

ಎಷ್ಟು ಹೊತ್ತು ಕಾಯಬೇಕು

ಚೀಟಿಯಲ್ಲಿ ಟೈಮ್‌ಔಟ್ ಅಂತ ಇನ್ನೊಂದು ಸಾಲು ಇರುತ್ತದೆ. ಸರ್ವರ್ ಸಿಗದಿದ್ದರೆ ಎಷ್ಟು ಸೆಕೆಂಡ್ ಕಾದು ಕೈಬಿಡಬೇಕು ಅನ್ನೋದು. ಡಾಟ್‌ನೆಟ್, ಅಂದರೆ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಡುವ ಏರ್ಪಾಡು, ಅದರಲ್ಲಿ ಬರೆದ ಪ್ರೋಗ್ರಾಂ ಎಸ್‌ಕ್ಯೂಎಲ್ ಸರ್ವರನ್ನು ಹುಡುಕಿ ಹೋಗುವಾಗ ಡಿಫಾಲ್ಟ್ 15 ಸೆಕೆಂಡ್. ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಭಾಗ ಏನೂ ಬರೆಯದಿದ್ದರೆ ತಾನಾಗಿ ಮಿತಿ ಹಾಕಿಕೊಳ್ಳುವುದೇ ಇಲ್ಲ. ಕೆಳಗಿರುವ ಆಪರೇಟಿಂಗ್ ಸಿಸ್ಟಂ ಸಾಕು ಅನ್ನುವ ತನಕ ಕಾಯುತ್ತದೆ.

ಒಂದೇ ಕಟ್ಟಡದಲ್ಲಿ 5 ಸೆಕೆಂಡ್ ಧಾರಾಳ. ತೋಟದ ಆಫೀಸಿನಿಂದ ಮೊಬೈಲ್ ಸಿಗ್ನಲ್ ಹಿಡಿದು ಪೇಟೆಯ ಸರ್ವರ್‌ಗೆ ಹೋಗುವುದಾದರೆ 20, 30 ಇಡಬಹುದು. ಸೊನ್ನೆ ಹಾಕಬೇಡಿ. ಈಗ ಹೇಳಿದ ಎರಡರಲ್ಲೂ ಸೊನ್ನೆ ಅಂದರೆ ‘ಕಾಯುತ್ತಲೇ ಇರು’ ಅಂತ ಅರ್ಥ. ಪರದೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಸಂಪರ್ಕ ಸಿಕ್ಕಿ, ಇಡೀ ವರ್ಷದ ರಿಪೋರ್ಟ್ ತೆಗೆಯುವಾಗ ಅರ್ಧಕ್ಕೆ ನಿಂತರೆ ಅದು ಬೇರೆ ಮಿತಿ. ಡಾಟ್‌ನೆಟ್‌ನಲ್ಲಿ ಅದಕ್ಕೆ 30 ಸೆಕೆಂಡ್. ಈ ಎರಡನ್ನು ಒಂದೇ ಅಂದುಕೊಂಡು ತಪ್ಪು ಸಾಲನ್ನು ತಿದ್ದುವುದು ಸಾಮಾನ್ಯ.

ತೋಟದಿಂದ ಪೇಟೆಗೆ

ಮನೆಯಲ್ಲಿ ಕೂತು ಅಂಗಡಿಯ ಲೆಕ್ಕ ನೋಡಬೇಕು ಅನ್ನೋ ಆಸೆ ಎಲ್ಲರಿಗೂ ಬರುತ್ತದೆ. ಆಗ ಕೆಲವರು ರೂಟರ್‌ನಲ್ಲಿ 3306ನ್ನೋ 1433ನ್ನೋ ನೇರ ಇಂಟರ್ನೆಟ್‌ಗೆ ತೆರೆದಿಟ್ಟುಬಿಡುತ್ತಾರೆ. ಇದನ್ನು ಮಾಡಬೇಡಿ. ರೂಢಿಯ ಪೋರ್ಟ್‌ಗಳು ನಮಗೆ ಗೊತ್ತಿರುವ ಹಾಗೆ ಕಳ್ಳರಿಗೂ ಗೊತ್ತು. ಅವರ ಪ್ರೋಗ್ರಾಂಗಳು ಹಗಲು ರಾತ್ರಿ ಎಲ್ಲ ವಿಳಾಸಗಳ ಇದೇ ಕಿಟಕಿಗಳನ್ನು ತಟ್ಟುತ್ತಾ ತಿರುಗುತ್ತವೆ. ಹೊರಗಿನಿಂದ ಬರಲು ವಿಪಿಎನ್ ಹಾಕಿಸಿ. ಅದು ಮನೆಯಿಂದ ಅಂಗಡಿಗೆ ಇಂಟರ್ನೆಟ್ ಒಳಗೇ ಒಂದು ಮುಚ್ಚಿದ ಸುರಂಗ.

ಹೊರಗೆ ಹೋಗುವ ಮಾತು ಗುಟ್ಟಾಗಿ ಹೋಗುತ್ತಿದೆಯಾ ಅನ್ನೋದಕ್ಕೂ ಚೀಟಿಯಲ್ಲಿ ಒಂದು ಸಾಲಿದೆ. ಪೋಸ್ಟ್‌ಗ್ರೆಸ್ ಕ್ಲೈಂಟ್‌ನಲ್ಲಿ ಅದರ ಡಿಫಾಲ್ಟ್ ‘ಪ್ರಿಫರ್’. ಅಂದರೆ ಲಕೋಟೆ ಸಿಕ್ಕಿದರೆ ಲಕೋಟೆಯಲ್ಲಿ, ಸಿಗದಿದ್ದರೆ ಸದ್ದಿಲ್ಲದೆ ಬರೀ ಕಾಗದದಲ್ಲೇ ಕಳಿಸುತ್ತದೆ. ಕಟ್ಟಡದೊಳಗೆ ಪರವಾಗಿಲ್ಲ. ಹೊರಗೆ ಹೋಗುವುದಾದರೆ ಲಕೋಟೆ ಕಡ್ಡಾಯ ಮಾಡಿ, ಸಾಧ್ಯವಾದರೆ ಎದುರಿಗಿರುವುದು ನಿಜವಾಗಿ ನಿಮ್ಮ ಸರ್ವರೇ ಅಂತ ಪರೀಕ್ಷಿಸುವ ಆಯ್ಕೆಯನ್ನೂ ಹಾಕಿ.

ಸರ್ವರ್ ಮೇಲಿನ ಚೀಟಿ

ಮುಂದಿನ ವಾರ ಪೊನ್ನಂಪೇಟೆಗೆ ಹೋದಾಗ ರೂಟರ್‌ನಲ್ಲಿ ರೂಮ್ ಕಾದಿರಿಸಿ ಬಂದೆ. ಸರ್ವರ್‌ನ ಮಾನಿಟರ್ ಪಕ್ಕ ಒಂದು ರಟ್ಟಿನ ತುಂಡು ಅಂಟಿಸಿದೆ. ಸರ್ವರ್ ನಂಬರ್, ಪೋರ್ಟ್, ತಂತ್ರಾಂಶದ ಹೆಸರು, ಸೆಟ್ಟಿಂಗ್ ಫೈಲ್ ಎಲ್ಲಿದೆ, ಯಾವ ತಾರೀಕಿಗೆ ಬರೆದದ್ದು, ಇಷ್ಟೇ. ಪಾಸ್‌ವರ್ಡ್ ಬರೆದಿಲ್ಲ. ಅದು ಅಕ್ಕನ ಡೈರಿಯಲ್ಲಿದೆ. ಕೆಳಗೆ ಉಳಿದಿದ್ದ ಜಾಗದಲ್ಲಿ ಭಾವ ಈಗ ಮೈಲುತುತ್ತದ ಅವತ್ತವತ್ತಿನ ದರ ಬರೆದುಕೊಳ್ಳುತ್ತಾರೆ.